ಬಾಟಲಿ ಅವರದ್ದು, ಗ್ಲಾಸು ನಮ್ಮದು, ಕೇಸು ಯಾರದ್ದು?



ಹುಟ್ಟುಹಬ್ಬ, ನಿಶ್ಚಿತಾರ್ಥ, ವರ್ಷಾಂತ್ಯದ ಪಾರ್ಟಿ ಎಂದು ಬರುವ ಗಿರಾಕಿಗಳು ಮೆನು, ರೇಟು ಎಲ್ಲ ಮುಗಿದ ಮೇಲೆ ಕೊನೆಗೊಂದು ಮಾತು ಸೇರಿಸುತ್ತಾರೆ: "ಡ್ರಿಂಕ್ಸ್ ನಾವೇ ತರುತ್ತೇವೆ. ನೀವು ಗ್ಲಾಸು, ಐಸು, ಸೋಡ ಮಾತ್ರ ನೋಡಿಕೊಳ್ಳಿ." ನಾವು ಹೂಂ ಅನ್ನುತ್ತೇವೆ. ಮಾರುವವರು ನಾವಲ್ಲವಲ್ಲ, ಲೈಸೆನ್ಸಿನ ಗೊಡವೆ ನಮಗೇಕೆ ಎಂಬ ಧೈರ್ಯ. ಈ ಧೈರ್ಯ ತಪ್ಪು ಎಂದು ಹೇಳಲಿಕ್ಕೇ ಈ ನಾಲ್ಕು ಮಾತು.

ಮಹಾರಾಷ್ಟ್ರದಲ್ಲಿ ಇಂದಿಗೂ ನಡೆಯುತ್ತಿರುವುದು 1949ರ ಪಾನನಿರೋಧ ಕಾಯ್ದೆ. ಅದು ಮಾರಾಟವನ್ನು ಮಾತ್ರ ನೋಡುವುದಿಲ್ಲ. ಕುಡಿಯುವವನಿಗೂ ಪರ್ಮಿಟ್ ಬೇಕು, ಒಂದು ದಿನದ್ದಾಗಲಿ, ಜೀವಮಾನದ್ದಾಗಲಿ. ಕಡುಮದ್ಯಕ್ಕೆ 25 ವರ್ಷ, ಬಿಯರಿಗೆ 21 ವರ್ಷ ತುಂಬಿರಬೇಕು. ಎಲ್ಲಕ್ಕಿಂತ ಮುಖ್ಯ, ಲೈಸೆನ್ಸ್ ಇಲ್ಲದೆ ಲಾಭಕ್ಕಾಗಿ ಕುಡಿಯಲು ಅವಕಾಶ ಕೊಡುವ ಜಾಗವನ್ನು ಕಾಯ್ದೆ 'ಸಾರ್ವಜನಿಕ ಪಾನಗೃಹ' ಎಂದು ಕರೆಯುತ್ತದೆ. ಆ ಲಾಭ ಮದ್ಯದಿಂದಲೇ ಬರಬೇಕೆಂದಿಲ್ಲ. ಜಾಗದ ಬಾಡಿಗೆಯಿಂದ, ಬೇರೆ ಸೌಕರ್ಯದ ಹಣದಿಂದ ಬಂದರೂ ಸಾಕು. ಅಂಥ ಜಾಗ ನಡೆಸುವವರಿಗೆ 68ನೇ ಕಲಮು, ಅಲ್ಲಿ ಕುಡಿಯುತ್ತ ಸಿಕ್ಕವರಿಗೆ 84ನೇ ಕಲಮು. ಈಗ ನಮ್ಮ ಬಿಲ್ಲಿನಲ್ಲಿರುವ 'ಗ್ಲಾಸು, ಐಸು, ಸರ್ವಿಸ್' ಎಂಬ ಸಾಲನ್ನು ಒಮ್ಮೆ ಓದಿ ನೋಡಿ.

ನನ್ನದೇ ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಉಪನಗರದ ಒಂದು ಹಾಲ್‌ನಲ್ಲಿ ಅರುವತ್ತು ಜನರ ಪಾರ್ಟಿ. ಲೈಸೆನ್ಸ್ ಕೇಳಿದ್ದಕ್ಕೆ ಮ್ಯಾನೇಜರ್ "ಎಲ್ಲ ಸೆಟ್ಟಿಂಗ್ ಆಗಿದೆ ಶೇಟ್" ಎಂದ. ರಾತ್ರಿ ಒಂಬತ್ತೂವರೆಗೆ ಅಧಿಕಾರಿಗಳು ಬಂದರು. ಪಾರ್ಟಿಯವರು ಮ್ಯಾನೇಜರನ್ನು ತೋರಿಸಿದರು, ಮ್ಯಾನೇಜರ್ ನನ್ನನ್ನು ತೋರಿಸಿದ. ಕೈಯಲ್ಲಿ ಟ್ರೇ ಹಿಡಿದಿದ್ದ ನನ್ನ ಇಬ್ಬರು ಹುಡುಗರು ಠಾಣೆಗೆ ಹೋದರು. ಬೆಳಗಿನ ಜಾವ ಮೂರರ ತನಕ ನಾನೂ ಅಲ್ಲೇ ಕುಳಿತೆ. ಕುಂದಾಪುರದಿಂದ ಒಬ್ಬನ ತಂದೆಯ ಫೋನು: "ಮಗ ಬಡ್ಸುಕ್ ಹೋದ್ದಲ್ದಾ ಅಣ್ಣಾ, ಪೊಲೀಸರ್ ಯಾಕೆ?" ಉತ್ತರ ನನ್ನಲ್ಲಿರಲಿಲ್ಲ. ಆ ಆರ್ಡರಿನ ಬಾಕಿಯೂ ಇವತ್ತಿನ ತನಕ ಬರಲಿಲ್ಲ.

ಇದಕ್ಕೆ ದಾರಿ ಇಲ್ಲವೆಂದಲ್ಲ. ಪಾರ್ಟಿಗಾಗಿಯೇ ರಾಜ್ಯ ಅಬಕಾರಿ ಇಲಾಖೆ ಒಂದು ದಿನದ ಲೈಸೆನ್ಸ್ ಕೊಡುತ್ತದೆ. ಅರ್ಜಿ ಈಗ ಆನ್‌ಲೈನ್‌ನಲ್ಲೇ ಹಾಕಬಹುದು. ಊರಿಗೆ ಹೋಗಿ ಆರ್ಡರ್ ಮಾಡುವವರಿಗೂ ತಿಳಿದಿರಲಿ, ಕರ್ನಾಟಕದಲ್ಲಿ ಇಂಥದ್ದೇ ಸಾಂದರ್ಭಿಕ ಲೈಸೆನ್ಸ್ ಸಿಎಲ್-5.

"ಅಷ್ಟೆಲ್ಲ ಕೇಳಿದರೆ ಗಿರಾಕಿ ಪಕ್ಕದವರ ಹತ್ತಿರ ಹೋಗುತ್ತಾರೆ" ಎನ್ನುವಿರಿ. ನಿಜ, ಹೋಗುತ್ತಾರೆ. ಒಬ್ಬನೇ ಕೇಳಿದರೆ ಅವನಿಗೆ ನಷ್ಟ. ಆದುದರಿಂದಲೇ ಇದು ಸಂಘದ ಕೆಲಸ. ನಮ್ಮೆಲ್ಲರ ಆರ್ಡರ್ ಫಾರ್ಮಿನಲ್ಲಿ ಒಂದೇ ಶರತ್ತು ಇರಲಿ: ಮದ್ಯ ಇರುವ ಪಾರ್ಟಿಯಾದರೆ ಒಂದು ದಿನದ ಲೈಸೆನ್ಸಿನ ಪ್ರತಿ ಒಲೆ ಹಚ್ಚುವ ಮೊದಲು ನಮ್ಮ ಕೈಗೆ ಬರಬೇಕು. ಪಕ್ಕದವರೂ ಅದನ್ನೇ ಕೇಳಿದರೆ ಗಿರಾಕಿ ಎಲ್ಲಿಗೆ ಹೋಗುತ್ತಾರೆ?

ಸರಕಾರಕ್ಕೂ ಒಂದು ಮಾತು. ಮೂವತ್ತು ಜನರ ಮನೆಯ ಪಾರ್ಟಿಗೂ ಮುನ್ನೂರು ಜನರ ಜಲ್ಸಾಕ್ಕೂ ವ್ಯತ್ಯಾಸ ಉಂಟು. ಸಣ್ಣ ಪಾರ್ಟಿಗೆ ಸುಲಭದ, ಕಡಿಮೆ ಶುಲ್ಕದ ವ್ಯವಸ್ಥೆ ಇದ್ದರೆ ಜನ ಕದ್ದುಮುಚ್ಚಿ ಮಾಡುವುದಿಲ್ಲ. ಲೈಸೆನ್ಸ್ ಇಲ್ಲದ ಪಾರ್ಟಿಯಲ್ಲಿ ಮೊದಲು ಹಿಡಿಯಬೇಕಾದ್ದು ಪಾರ್ಟಿ ಕೊಟ್ಟವರನ್ನು, ಹಾಲ್ ಕೊಟ್ಟವರನ್ನು. ಸಂಬಳಕ್ಕೆ ಟ್ರೇ ಹಿಡಿದವನನ್ನಲ್ಲ. ಈ ಬೇಡಿಕೆಯನ್ನು ಸಂಘ ಬರಹದಲ್ಲಿ ಇಲಾಖೆಯ ಮುಂದಿಡಬೇಕು.

ಊರು ಬಿಟ್ಟು ನಮ್ಮನ್ನು ನಂಬಿ ಬಂದ ಹುಡುಗರು ಅವರು. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಎತ್ತುವವನಿದ್ದೇನೆ. ದಯವಿಟ್ಟು ಎಲ್ಲರೂ ಬನ್ನಿ.