ಚಿಂಕ್ವೆ ತೆರ್ರೆಗೆ ಟೈಮ್‌ಟೇಬಲ್, ಕುಮಟೆಗೆ ಟ್ಯಾಕ್ಸಿ

ನೋಯ್ಡಾದ ನಮ್ಮ ಅಪಾರ್ಟ್‌ಮೆಂಟಿನ ಮೂರು ಕನ್ನಡ ಮನೆಗಳು ಸೇರಿ ಬರುವ ಜೂನ್ ರಜೆಯಲ್ಲಿ ಇಟಲಿಗೆ ಹೋಗುವುದೆಂದು ತೀರ್ಮಾನವಾಗಿದೆ. ಒಂದು ವಾರ, ಸಮುದ್ರದ ದಂಡೆಯ ಹಳ್ಳಿಗಳು, ಓಡಾಟವೆಲ್ಲ ರೈಲಿನಲ್ಲೇ. ಪ್ಲಾನ್ ಮಾಡುವ ಕೆಲಸ ನನ್ನ ತಲೆಗೆ ಬಂತು. ಆಫೀಸಿನಲ್ಲಿ ಇವನು ಮಾಡುವುದೇ ಅದು ತಾನೆ ಎನ್ನುವುದು ಎಲ್ಲರ ವಾದ. ವೀಸಾದವರಿಗೆ ಯಾವ ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದೂ ಬೇಕು, 30,000 ಯೂರೋಗಳ ವಿಮೆಯೂ ಬೇಕು. ಹಾಗಾಗಿ ಒಂದು ಶನಿವಾರ ಸಂಜೆ ಚಹಾ ಮಾಡಿಕೊಂಡು ಎಕ್ಸೆಲ್ ತೆರೆದು ಕೂತೆ. ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು.

ಅಷ್ಟು ಸುಲಭವಾಗಿದ್ದಕ್ಕೆ ನನ್ನ ಜಾಣತನ ಕಾರಣವಲ್ಲ. ಚಿಂಕ್ವೆ ತೆರ್ರೆ ಎಂದರೆ ಐದು ನೆಲಗಳು ಎಂದರ್ಥವಂತೆ (ನಮ್ಮ ಕಿವಿಗೆ ಐದು ತೆರೆ ಅಂತ ಕೇಳಿಸುತ್ತದೆ, ಅದೂ ಚೆನ್ನಾಗಿಯೇ ಇದೆ). ಮೊಂತೆರೊಸ್ಸೊ, ವೆರ್ನಾಜ್ಜಾ, ಕೊರ್ನೀಲಿಯಾ, ಮನರೋಲಾ, ರಿಯೊಮಜ್ಜೋರೆ. ಒಂದು ಕಡೆ ಲೆವಾಂತೊ, ಇನ್ನೊಂದು ಕಡೆ ಲಾ ಸ್ಪೆಜಿಯಾ, ಇವೆರಡರ ನಡುವೆ ಗುಡ್ಡ ಕೊರೆದು ಹಾಕಿದ ಹಳಿ. ಅದು ಬಂದದ್ದು 1870ರ ದಶಕದಲ್ಲಿ. ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಕೆಲವೇ ನಿಮಿಷದ ದಾರಿ. ಸೀಸನ್ನಿನಲ್ಲಿ ಗಂಟೆಗೆ ಮೂರ್ನಾಲ್ಕು ಗಾಡಿ. ದಿನಕ್ಕೊಂದು ಕಾರ್ಡು ತೆಗೆದುಕೊಂಡರೆ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಕೊರ್ನೀಲಿಯಾ ಮಾತ್ರ ಗುಡ್ಡದ ಮೇಲಿದೆ, ಸ್ಟೇಷನ್ನಿನಿಂದ 380ರಷ್ಟು ಮೆಟ್ಟಿಲು. ಹತ್ತಲಾಗದವರಿಗೆ ಸಣ್ಣ ಬಸ್ಸಿದೆ, ಅದೂ ಆ ಕಾರ್ಡಿನಲ್ಲೇ ಸೇರಿದೆ. ಇಂಥ ಕಡೆ ಪ್ಲಾನ್ ಮಾಡುವುದಕ್ಕೆ ಏನಿದೆ? ಒಂದು ಗಾಡಿ ತಪ್ಪಿದರೆ ಒಂದು ಐಸ್‌ಕ್ರೀಮ್ ತಿನ್ನುವಷ್ಟರಲ್ಲಿ ಮುಂದಿನದು ಬರುತ್ತದೆ. ದಿಲ್ಲಿ ಮೆಟ್ರೋಗೆ ಟೈಮ್‌ಟೇಬಲ್ ನೋಡಿಕೊಂಡು ಹೊರಡುವವರು ಯಾರಾದರೂ ಇದ್ದಾರಾ?

ಮಗಳು ಪಕ್ಕದಲ್ಲಿ ಕೂತು ಮೊಂತೆರೊಸ್ಸೊದ ಮೀನು, ನಿಂಬೆಹಣ್ಣು ಅಂತ ಓದುತ್ತಿದ್ದಳು. ಇದ್ದಕ್ಕಿದ್ದಂತೆ, “ಅಪ್ಪಾ, ಅಜ್ಜಿ ಊರಲ್ಲೂ ಸಮುದ್ರ ಇದೆ, ಟ್ರೇನ್ ಇದೆ. ಅಲ್ಲಿ ನಾವು ಯಾಕೆ ಹೀಗೆ ಹೋಗಲ್ಲ?” ಅಂದಳು.

ನನ್ನೂರು ಕುಮಟೆಯ ಹತ್ತಿರ. ಇಪ್ಪತ್ತು ವರ್ಷದಿಂದ ನಮ್ಮ ಊರಿನ ಪ್ರವಾಸ ಒಂದೇ ಥರ. ದಿಲ್ಲಿಯಿಂದ ಗೋವಾಕ್ಕೆ ವಿಮಾನ, ಅಲ್ಲಿಂದ ಟ್ಯಾಕ್ಸಿ, ನಾಲ್ಕು ದಿನ ಮನೆ, ಮತ್ತೆ ಟ್ಯಾಕ್ಸಿ. ಕಾರಿನ ಕಿಟಕಿಯಿಂದ ಮಗಳಿಗೆ ಕಂಡದ್ದು ಹೆದ್ದಾರಿಯ ಧೂಳು ಮತ್ತು ಅಗೆದ ಗುಡ್ಡ. ಅವಳ ಪ್ರಶ್ನೆಗೆ ಉತ್ತರ ಹೇಳಲಿಕ್ಕೆಂದೇ ಎಕ್ಸೆಲ್‌ನಲ್ಲಿ ಎರಡನೇ ಶೀಟು ತೆರೆದೆ. ಅಂಕೋಲಾ, ಗೋಕರ್ಣ ರೋಡ್, ಮಿರ್ಜಾನ್, ಕುಮಟಾ, ಹೊನ್ನಾವರ. ಇವೂ ಐದು. ಒಟ್ಟು 50 ಕಿಲೋಮೀಟರಿನ ಆಸುಪಾಸು.

ನೋಡಲಿಕ್ಕೆ ಏನಿದೆ ಎಂದು ಕೇಳುವವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಅಂಕೋಲೆಯಲ್ಲಿ 1930ರ ಉಪ್ಪಿನ ಸತ್ಯಾಗ್ರಹದ ನೆನಪಿದೆ, ಮೇ ತಿಂಗಳಾದರೆ ಕರಿ ಇಶಾಡು ಮಾವಿನಹಣ್ಣಿದೆ. ಅದಕ್ಕೆ ಈಗ ಜಿಐ ಟ್ಯಾಗೂ ಸಿಕ್ಕಿದೆ. ಗೋಕರ್ಣ ರೋಡಿನಲ್ಲಿ ಇಳಿದರೆ ಓಂ ಬೀಚೊಂದೇ ಅಲ್ಲ, ಹನೇಹಳ್ಳಿಗೂ ಹೋಗಬಹುದು. ಮುಂಬಯಿಯಲ್ಲಿ ಜೀವನ ಕಳೆದ ಯಶವಂತ ಚಿತ್ತಾಲರು ಕತೆ ಕತೆಯಲ್ಲೂ ವಾಪಸು ಹೋಗುತ್ತಿದ್ದ ಹನೇಹಳ್ಳಿ ಅದೇ. ಊರು ಬಿಟ್ಟವರಾದ ನಮಗೆ ಅದಕ್ಕಿಂತ ಒಳ್ಳೆಯ ಯಾತ್ರಾಸ್ಥಳ ಯಾವುದಿದೆ? ಮಿರ್ಜಾನಿನಲ್ಲಿ ಪಾಚಿಗಟ್ಟಿದ ಜಂಬಿಟ್ಟಿಗೆ ಕೋಟೆ. ಕುಮಟೆಯಲ್ಲಿ ಇಳಿದು ಅಘನಾಶಿನಿ ಊರಿಗೆ ಹೋದರೆ ಅಲ್ಲಿಂದ ತದಡಿಗೆ ದೋಣಿ. ಸ್ಕೂಟರು, ಮೀನಿನ ಬುಟ್ಟಿ, ಶಾಲೆಯ ಮಕ್ಕಳು ಎಲ್ಲ ಒಟ್ಟಿಗೆ ಹೊಳೆ ದಾಟುವ ದೋಣಿ. ಇಳಿತದ ಹೊತ್ತಿನಲ್ಲಿ ಹೊಳೆಯ ನಡುವೆ ಎದೆಮಟ್ಟ ನೀರಿನಲ್ಲಿ ನಿಂತು ಬಳಚು ಹೆಕ್ಕುವವರು ಕಾಣುತ್ತಾರೆ. ಹೊನ್ನಾವರದ ಬಳಿ ಶರಾವತಿಯ ಮೇಲೆ 2 ಕಿಲೋಮೀಟರಿಗೂ ಉದ್ದದ ರೈಲು ಸೇತುವೆ, ಕೊಂಕಣ ರೈಲ್ವೆಯಲ್ಲೇ ಉದ್ದನೆಯದು.

ಶೀಟು ತುಂಬಲಿಕ್ಕೆ ಹೊರಟಾಗ ಸಿಕ್ಕಿಬಿದ್ದೆ. ಈ ಹಳಿಯ ಮೇಲೆ ಗಾಡಿಗಳಿಗೆ ಕೊರತೆಯಿಲ್ಲ. ನಮ್ಮ ನಿಜಾಮುದ್ದೀನಿನಿಂದ ಹೊರಡುವ ಮಂಗಲಾ ಎಕ್ಸ್‌ಪ್ರೆಸ್ ಕೂಡ ಇದರ ಮೇಲೆಯೇ ಎರ್ನಾಕುಲಂಗೆ ಹೋಗುತ್ತದೆ. ಆದರೆ ಹಗಲಿನಲ್ಲಿ ಎಲ್ಲ ಸ್ಟೇಷನ್ನಿಗೂ ನಿಂತು ಹೋಗುವಂಥವು ಬೆರಳೆಣಿಕೆಯವು. ಅದು ತಪ್ಪಿದರೆ ದಿನ ಹೋಯಿತು. ಬೆಳಿಗ್ಗೆ ಮಿರ್ಜಾನಿನಲ್ಲಿ ಇಳಿದು ಕೋಟೆ ನೋಡಿ, ಮಧ್ಯಾಹ್ನ ಕುಮಟೆಯಲ್ಲಿ ಊಟ ಮಾಡಿ, ಸಂಜೆ ಹೊನ್ನಾವರ ಸೇರುವ ಒಂದು ಸಾಲು ಕೂಡಿಬರಲಿಲ್ಲ. ಆಯಿಗೆ ಫೋನ್ ಮಾಡಿ, ಈ ಸಲ ಹೊನ್ನಾವರಕ್ಕೆ ರೈಲಿನಲ್ಲಿ ಹೋಗೋಣ ಅಂದೆ. ಅವಳು ನಕ್ಕಳು. “ರೈಲಲ್ಲಿ ಎಂತಕ್ಕೆ ತಮಾ? ಬಸ್ಸು ಇಲ್ವಾ?”

ಆಯಿ ಹೇಳಿದ್ದೇ ನನ್ನ ಜಗಳದ ಮೂಲ. ಮನೆಯ ಹಿತ್ತಿಲಿನಾಚೆ ಕಾಲು ಶತಮಾನಕ್ಕೂ ಮೀರಿ ರೈಲು ಓಡುತ್ತಿದೆ. ಆದರೂ ಅವಳ ಮಟ್ಟಿಗೆ ಅದು ಮುಂಬಯಿಗೆ, ಬೆಂಗಳೂರಿಗೆ ಹೋಗುವವರ ವಸ್ತು. ಪಕ್ಕದ ಊರಿಗೆ ಹೋಗಲಿಕ್ಕೆ ಅಲ್ಲ.

1990ರಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿದಾಗ ರೈಲ್ವೆ ಮಂತ್ರಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಬಂಡವಾಳದಲ್ಲಿ ಕರ್ನಾಟಕದ ಪಾಲು ಶೇಕಡಾ 15. 1998ರ ಜನವರಿಯಲ್ಲಿ ರೋಹಾದಿಂದ ಮಂಗಳೂರಿನ ತೋಕೂರಿನವರೆಗೆ, ಸುಮಾರು 740 ಕಿಲೋಮೀಟರ್, ಪೂರ್ತಿಯಾಯಿತು. ಕಟ್ಟಿಸಿದವರು ಇ. ಶ್ರೀಧರನ್. ಅದೇ ಶ್ರೀಧರನ್ ಆಮೇಲೆ ದಿಲ್ಲಿಗೆ ಬಂದು 2002ರ ಡಿಸೆಂಬರಿನಲ್ಲಿ ಶಾಹದರಾದಿಂದ ತೀಸ್ ಹಜಾರಿಗೆ ಮೊದಲ ಮೆಟ್ರೋ ಓಡಿಸಿದರು. ನಾನು ದಿನಾ ಆಫೀಸಿಗೆ ಹೋಗುವುದು ಅವರು ಕಟ್ಟಿಸಿದ ಹಳಿಯಲ್ಲಿ, ನನ್ನ ಮನೆಯ ಹಿತ್ತಿಲಿನಲ್ಲಿ ಇರುವುದೂ ಅವರು ಕಟ್ಟಿಸಿದ ಹಳಿಯೇ. ಮೆಟ್ರೋ ಎಂಟು ನಿಮಿಷ ಬರದಿದ್ದರೆ ನಾವು ಟ್ವೀಟ್ ಮಾಡುತ್ತೇವೆ. ಕುಮಟೆಯಲ್ಲಿ ಅರ್ಧ ದಿನ ಗಾಡಿ ಇಲ್ಲದಿದ್ದರೆ ಅದು ನಮಗೆ ಸುದ್ದಿಯೇ ಅಲ್ಲ.

ಇದಕ್ಕೆ ಉತ್ತರವಾಗಿ ಬರುವ ವಾದಗಳು ನನಗೂ ಗೊತ್ತು. ಅದು ಬಹುಪಾಲು ಒಂಟಿ ಹಳಿ. ಎದುರಿನ ಗಾಡಿಗಾಗಿ ಸ್ಟೇಷನ್ನಿನಲ್ಲಿ ಕಾಯಲೇಬೇಕು. ಗೂಡ್ಸ್ ಗಾಡಿಗಳಿವೆ, ಲಾರಿಗಳನ್ನೇ ಹೊತ್ತು ಹೋಗುವ ರೋ-ರೋ ಇದೆ, ಮಳೆಗಾಲಕ್ಕೆ ವೇಗ ಕಡಿಮೆ ಮಾಡಿದ ಬೇರೆಯೇ ವೇಳಾಪಟ್ಟಿ ಇದೆ. ಚಿಂಕ್ವೆ ತೆರ್ರೆಯ ಇಡೀ ಹಾದಿಯೇ 20 ಕಿಲೋಮೀಟರ್, ಅದನ್ನು ಇದಕ್ಕೆ ಹೋಲಿಸಬೇಡಿ ಎನ್ನುವುದೂ ನ್ಯಾಯವೇ. ಕೆಪಾಸಿಟಿ ಸಾಲದು ಎನ್ನುವ ಮಾತನ್ನು ನಾನು ನನ್ನ ಕ್ಲೈಂಟುಗಳಿಗೆ ವಾರಕ್ಕೆರಡು ಸಲ ಹೇಳುತ್ತೇನೆ. ಆದರೆ ಅದರ ಹಿಂದಿನ ಗುಟ್ಟೂ ನನಗೆ ಗೊತ್ತು. ಕೆಪಾಸಿಟಿ ಸಾಲದಾಗ ಯಾರ ಕೆಲಸ ಮೊದಲು ಎನ್ನುವುದನ್ನು ಯಾರೋ ತೀರ್ಮಾನಿಸಿರುತ್ತಾರೆ. ಜೋರಾಗಿ ಕೇಳಿದವನದು ಮೊದಲು. 2023ರ ಡಿಸೆಂಬರ್ 30ರಂದು ಇದೇ ಒಂಟಿ ಹಳಿಯ ಮೇಲೆ ಮಂಗಳೂರು–ಮಡಗಾಂವ್ ವಂದೇ ಭಾರತ್‌ಗೆ ಜಾಗ ಸಿಕ್ಕಿತು. ಶುರುವಾದಾಗ ಅದಕ್ಕೆ ನಡುವೆ ಇದ್ದ ನಿಲುಗಡೆ ಎರಡೇ, ಉಡುಪಿ ಮತ್ತು ಕಾರವಾರ. ನನ್ನ ಶೀಟಿನ ಐದೂ ಊರುಗಳ ಮುಂದೆ ಅದು ಬುರ್‍ರೆಂದು ಹಾದುಹೋಯಿತು. ಆ ದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬಿಳಿ ಗಾಡಿಯ ವಿಡಿಯೋ ಹಂಚಿಕೊಂಡದ್ದೇ ಹಂಚಿಕೊಂಡದ್ದು. ಹೃದಯದ ಚಿಹ್ನೆ ಹಾಕಿದವರಲ್ಲಿ ನಾನೂ ಒಬ್ಬ. ಕುಮಟೆಗೆ ಯಾಕಿಲ್ಲ ಅಂತ ಒಬ್ಬನೂ ಕೇಳಲಿಲ್ಲ.

ನಾವು ಕೇಳುವುದೇ ಹಾಗೆ. ಹೊರಗಿರುವ ಕನ್ನಡಿಗರ ಬೇಡಿಕೆ ಯಾವತ್ತೂ ದೊಡ್ಡ ಊರಿನಿಂದ ದೊಡ್ಡ ಊರಿಗೆ, ಇನ್ನೂ ಬೇಗ, ಇನ್ನೂ ತಣ್ಣಗೆ. ಊರಿಂದ ಊರಿಗೆ ನಿಂತು ನಿಂತು ಹೋಗುವ ಗಾಡಿಯನ್ನು ಹೊಗಳಲಿಕ್ಕೆ ನಮಗೆ ಲಿಗೂರಿಯಾ ಬೇಕು. ಅಲ್ಲಿ ಅದು ‘ಸ್ಲೋ ಟ್ರಾವೆಲ್’, ಇಲ್ಲಿ ಅದು ‘ಪ್ಯಾಸೆಂಜರ್ರು’.

ಇದನ್ನು ಸ್ವದೇಶಿ ಭಾಷಣ ಅಂತ ದಯವಿಟ್ಟು ಓದಬೇಡಿ. ಇಟಲಿ ಬಿಟ್ಟು ಇಂಡಿಯಾ ನೋಡಿ ಎನ್ನುವ ಗುಂಪಿನವನು ನಾನಲ್ಲ. ಜೂನಿನಲ್ಲಿ ನಾನು ಹೋಗುತ್ತಿದ್ದೇನೆ. ನಮ್ಮ ಕರಾವಳಿಯನ್ನು ಚಿಂಕ್ವೆ ತೆರ್ರೆ ಮಾಡಿ ಅಂತಲೂ ನಾನು ಹೇಳುತ್ತಿಲ್ಲ. ಅಲ್ಲಿಯ ಹಳ್ಳಿಯವರು ಪ್ರವಾಸಿಗರ ನೂಕುನುಗ್ಗಲಿನಲ್ಲಿ ಹೈರಾಣಾಗಿದ್ದಾರೆ. ಗೋಕರ್ಣದ ಕೆಲವು ಓಣಿಗಳಲ್ಲಿ ವರ್ಷದ ಕೊನೆಯ ವಾರ ಓಡಾಡಿದವರಿಗೆ ಅದರ ರುಚಿ ಈಗಾಗಲೇ ಸಿಕ್ಕಿರುತ್ತದೆ. ನಾನು ಕೇಳುತ್ತಿರುವ ಗಾಡಿ ಮೊದಲು ಅಲ್ಲಿರುವವರದು. ಪ್ರವಾಸಿಗ ಅದರಲ್ಲಿ ನಿಂತು ಪ್ರಯಾಣಿಸಲಿ.

ಅಪ್ಪನಿಗೆ ಕಾಯಿಲೆ ಬಂದಾಗ ಇದು ನನಗೆ ಅರ್ಥವಾಗಬೇಕಿತ್ತು. ಉತ್ತರ ಕನ್ನಡದಲ್ಲಿ ಒಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕು ಎನ್ನುವ ಕೂಗು ಎಷ್ಟು ಹಳೆಯದು ಎನ್ನುವುದು ನಿಮಗೆ ಗೊತ್ತಿರಬಹುದು. ದೊಡ್ಡ ಕಾಯಿಲೆ ಎಂದರೆ ಮಣಿಪಾಲ, ಮಂಗಳೂರು, ಇಲ್ಲವೇ ಗೋವಾ. ಅಪ್ಪನನ್ನು ಎರಡು ವಾರಕ್ಕೊಮ್ಮೆ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕಿತ್ತು. ಉಡುಪಿಯ ರೈಲ್ವೆ ಸ್ಟೇಷನ್ ಇರುವುದು ಇಂದ್ರಾಳಿಯಲ್ಲಿ, ಅಲ್ಲಿಂದ ಮಣಿಪಾಲಕ್ಕೆ ಆಟೋದಲ್ಲಿ ಹತ್ತು ನಿಮಿಷ. ನಮ್ಮ ಹಿತ್ತಿಲಿನಿಂದ ಡಾಕ್ಟರ ಬಾಗಿಲಿನವರೆಗೆ ಹಳಿ ಇದೆ ಅಂತಲೇ ಇಟ್ಟುಕೊಳ್ಳಿ. ಆದರೆ ಬೆಳಿಗ್ಗೆ ಒಪಿಡಿಯ ಹೊತ್ತಿಗೆ ಮುಟ್ಟಿಸಿ ಸಂಜೆ ವಾಪಸು ತರುವ ಗಾಡಿ ನಮಗೆ ಸಿಗಲಿಲ್ಲ. ನಾನು ನೋಯ್ಡಾದಿಂದ ಫೋನಿನಲ್ಲಿ ಟ್ಯಾಕ್ಸಿ ಬುಕ್ ಮಾಡುತ್ತಿದ್ದೆ. ಹೆದ್ದಾರಿಯ ಕುಲುಕಾಟಕ್ಕೆ ಅಪ್ಪ ಹೋಗುವಾಗ ಒಮ್ಮೆ, ಬರುವಾಗ ಎರಡು ಸಲ ವಾಂತಿ ಮಾಡಿಕೊಳ್ಳುತ್ತಿದ್ದರಂತೆ. ದುಡ್ಡು ನನ್ನ ಹತ್ತಿರ ಇತ್ತು, ಹಾಗಾಗಿ ಟ್ಯಾಕ್ಸಿ. ದುಡ್ಡಿಲ್ಲದ ಪಕ್ಕದ ಮನೆಯವರು ಏನು ಮಾಡುತ್ತಿದ್ದರು ಅಂತ ನಾನು ಆಗ ಕೇಳಲಿಲ್ಲ. ಅಪ್ಪ ಹೋದ ಮೇಲೆ ಆಯಿ ಹೇಳಿದಳು, ಅವರು ನಡುವೆಯೇ ಚಿಕಿತ್ಸೆ ನಿಲ್ಲಿಸಿದರು ಅಂತ.

ಆ ಹೆದ್ದಾರಿಯ ಕತೆಯೂ ನಿಮಗೆ ಗೊತ್ತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ರಸ್ತೆಬದಿಯ ಚಹಾ ಅಂಗಡಿಯನ್ನೂ ಅಲ್ಲಿದ್ದವರನ್ನೂ ಗಂಗಾವಳಿಗೆ ತಳ್ಳಿತು. ಮೂರು ವಾರ ಕಳೆಯುವಷ್ಟರಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ರೈಲ್ವೆ ಗುಡ್ಡವೂ ಜಾರುತ್ತದೆ, ಒಪ್ಪುತ್ತೇನೆ. ಆದರೆ ಒಂದೇ ಕರಾವಳಿಗೆ ಇರುವ ಎರಡು ದಾರಿಗಳಲ್ಲಿ ಒಂದನ್ನು ಗುಡ್ಡ ಕಡಿದು ಅಗಲ ಮಾಡುತ್ತಲೇ ಹೋಗುವುದು, ಇನ್ನೊಂದನ್ನು ಊರವರು ಬಳಸಲಾಗದಂತೆ ಇಟ್ಟುಕೊಳ್ಳುವುದು ಯಾವ ಲೆಕ್ಕಾಚಾರ?

ಮಂಗಳೂರಿನ ದಕ್ಷಿಣಕ್ಕೆ ನೋಡಿ. ಕಾಸರಗೋಡಿನ ಕಡೆ ಜೋಡಿ ಹಳಿ ಇದೆ. ಮಂಜೇಶ್ವರದಲ್ಲಿ ಇಳಿದು ಗೋವಿಂದ ಪೈಗಳ ಗಿಳಿವಿಂಡು ನೋಡಿ ಮತ್ತೆ ಗಾಡಿ ಹತ್ತಬಹುದು. ಅಲ್ಲಿಯವರು ರೈಲಿನಲ್ಲಿ ಕಾಲೇಜಿಗೂ ಆಸ್ಪತ್ರೆಗೂ ಮಂಗಳೂರಿಗೆ ಬರುತ್ತಾರೆ. ಸಮುದ್ರ ಒಂದೇ, ಮಳೆ ಒಂದೇ. ಹಾಗಾಗಿ ಇದು ಇಟಲಿಯಲ್ಲಷ್ಟೇ ಆಗುವ ಪವಾಡವೇನಲ್ಲ.

ಕಾರವಾರದಿಂದ ಉಡುಪಿಗೆ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸಣ್ಣ ಮೆಮು ಗಾಡಿ, ಹೋಗಲಿಕ್ಕೆ ದಿನಕ್ಕೆ ನಾಲ್ಕು, ಬರಲಿಕ್ಕೆ ನಾಲ್ಕು. ಮೊದಲನೆಯದು ಬೆಳಿಗ್ಗೆ ಒಂಬತ್ತರ ಒಳಗೆ ಇಂದ್ರಾಳಿ ಮುಟ್ಟಬೇಕು. ಇಷ್ಟೇ ಬೇಡಿಕೆಯ ಮನವಿಯೊಂದನ್ನು ನಾನು ಬರೆದಿಟ್ಟಿದ್ದೇನೆ. ಬರುವ ತಿಂಗಳು ನಮ್ಮ ಕರಾವಳಿಯ ಸಂಸದರು ಅಧಿವೇಶನಕ್ಕೆ ದಿಲ್ಲಿಯಲ್ಲೇ ಇರುತ್ತಾರೆ, ಅವರಿಗೆ ಕೊಡುವುದು ಅಂತ. ಇಟಲಿಗೆ ಹೊರಟ ಇನ್ನೆರಡು ಮನೆಯವರು ಸಹಿ ಹಾಕಿದ್ದಾರೆ. ಹಾಕುವ ಮನಸ್ಸಿದ್ದವರು ಹೆಸರಿನ ಜೊತೆ ದಿಲ್ಲಿಯ ವಿಳಾಸ ಬರೆಯಬೇಡಿ, ನಿಮ್ಮ ಸ್ಟೇಷನ್ ಯಾವುದು ಅಂತ ಬರೆಯಿರಿ. ಮಿರ್ಜಾನಿನವರು ಇನ್ನೂ ಯಾರೂ ಸಿಕ್ಕಿಲ್ಲ.