ನೂರು ಮೀಟರುಗಳ ಮರ್ಯಾದೆ



ಗಳಗನಾಥದ ಗಳಗೇಶ್ವರ, ಹಾವೇರಿಯ ಸಿದ್ಧೇಶ್ವರ ದೇವಾಲಯಗಳು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ರಕ್ಷಣೆಯಲ್ಲಿವೆ. ದೇವಾಲಯದ ಮಾತು ಮಿಶನ್ ಶಾಲೆಗೇಕೆ ಎನ್ನಬೇಡಿರಿ. ಅಲ್ಲಿಯ ಶಿಲಾಶಾಸನಗಳ ನುಡಿಯು ನಮ್ಮೆಲ್ಲರ ಕನ್ನಡವೇ.

2010ರ ತಿದ್ದುಪಡಿಯು ಇಂಥ ಸ್ಮಾರಕಗಳ ಸುತ್ತಲಿನ 100 ಮೀಟರುಗಳಲ್ಲಿ ಹೊಸ ಕಟ್ಟಡವನ್ನು ನಿಷೇಧಿಸಿತು. ಕೇಂದ್ರ ಸರಕಾರದ ಸಾರ್ವಜನಿಕ ಕಾಮಗಾರಿಗಳಿಗೆ ಅಲ್ಲಿ ಎಡೆಗೊಡುವ ಮಸೂದೆಯನ್ನು ಲೋಕಸಭೆಯು 2018ರ ಜನವರಿಯಲ್ಲಿ ಅಂಗೀಕರಿಸಿತು. ರಾಜ್ಯಸಭೆಯು ಅದನ್ನು ಪರಿಶೀಲನೆಗಾಗಿ ಸಮಿತಿಗೆ ಒಪ್ಪಿಸಿತು. ನಿಯಮವು ಸಡಿಲವಾಗಬೇಕೆಂಬ ಮಾತು ಅಲ್ಲಿಗೆ ಮುಗಿಯಲಿಲ್ಲ.

ರಸ್ತೆ, ಸೇತುವೆಗಳು ಬೇಕೆಂಬುದು ಸತ್ಯವೇ. ಗುಡಿಯ ಮಗ್ಗುಲಲ್ಲಿ ವಾಸಿಸುವವರು ಹೊಸದಾಗಿ ಒಂದು ಕೋಣೆಯನ್ನೂ ಕಟ್ಟಲಾರದೆ ಪಡುವ ಕಷ್ಟವೂ ಸತ್ಯವೇ. ಆದರೆ ಬಡವಿಯ ಕೋಣೆಗೆ ದೊರೆಯದ ಸಡಿಲಿಕೆಯು ಸರಕಾರದ ಸೇತುವೆಗೆ ಮಾತ್ರ ದೊರೆಯುವುದು ನ್ಯಾಯವೇ? ಶಾಲೆಯ ಕಟ್ಟಳೆಯು ಮಕ್ಕಳಿಗಷ್ಟೇ ಇದ್ದು ಉಪಾಧ್ಯಾಯಿನಿಯರಿಗೆ ಇಲ್ಲವಾದರೆ ಅದನ್ನು ಯಾರು ಮನ್ನಿಸುವರು?

ಹಳೆಯ ಮನೆಗಳ ದುರಸ್ತಿಗೆ ಕಾಯಿದೆಯಲ್ಲಿಯೇ ಅನುಮತಿಯ ದಾರಿಯುಂಟು. ಆ ಅನುಮತಿಯು ಬಡವರಿಗೆ ತಡವಿಲ್ಲದೆ ದೊರೆಯುವಂತೆ ಮಾಡಲಿ, ಮೇರೆಯನ್ನು ಮುರಿಯದಿರಲಿ. ರಸ್ತೆಯು ಬಳಸಿ ಹೋಗಬಹುದು. ಗುಡಿಯು ಸರಿದು ನಿಲ್ಲಲಾರದು. ಈ ವಿಷಯವನ್ನು ಮನೆಯ ಹಿರಿಯರೊಡನೆ ವಿಚಾರಮಾಡಿರೆಂದು ಬೇಡುತ್ತೇನೆ.

— ಮುಖ್ಯೋಪಾಧ್ಯಾಯಿನಿ