ಬಡವರ ಅನ್ನದ ಮೇಲೆ ದಂಡ

ಬ್ರಿಟನ್ನಿನ ಸರಕಾರದವರು ನಿರುದ್ಯೋಗಿಗಳಿಗೆ ನಿರ್ವಾಹಧನವನ್ನು ಕೊಡುವರೆಂಬುದನ್ನು ವಾಚಕರು ಬಲ್ಲರು. ಕೊಟ್ಟ ಕೈಯೇ ಅದನ್ನು ಕಿತ್ತುಕೊಳ್ಳುವ ಬಗೆಯು ಮಾತ್ರ ಅಷ್ಟಾಗಿ ತಿಳಿದ ಸಂಗತಿಯಲ್ಲ. ಉದ್ಯೋಗ ಕಚೇರಿಯ ಭೇಟಿಯೊಂದನ್ನು ಸಕಾರಣವಿಲ್ಲದೆ ತಪ್ಪಿಸಿದನೆಂದು ಅಧಿಕಾರಿಗೆ ತೋರಿದರೆ ಸಾಕು, ಆ ಹಣಕ್ಕೆ ಕತ್ತರಿ ಬೀಳುವುದು. 2012 ರಲ್ಲಿ ನಿಯಮಗಳನ್ನು ಬಿಗಿಗೊಳಿಸಿ, ಘೋರವೆನಿಸಿದ ತಪ್ಪನ್ನು ಮರಳಿ ಮರಳಿ ಮಾಡಿದವನಿಗೆ ಮೂರು ವರ್ಷಗಳವರೆಗೆ ಸಹಾಯವನ್ನು ತಡೆಯಲು ಅವಕಾಶ ಮಾಡಿದರು. 2019 ರಲ್ಲಿ ಆ ಅವಧಿಯನ್ನು ಆರು ತಿಂಗಳಿಗೆ ಇಳಿಸಿದರು. 2010 ರಿಂದ 2015 ರ ವರೆಗೆ ನಿರುದ್ಯೋಗ ಭತ್ಯ ಪಡೆದವರಲ್ಲಿ ಹೆಚ್ಚು ಕಡಿಮೆ ಕಾಲುಭಾಗದವರು ಒಮ್ಮೆಯಾದರೂ ಈ ದಂಡಕ್ಕೆ ಗುರಿಯಾದರೆಂದು ಆ ದೇಶದ ಲೆಕ್ಕತನಿಖೆಯ ಕಚೇರಿಯೇ 2016 ರಲ್ಲಿ ವರದಿ ಮಾಡಿತು.

ಕಳ್ಳನನ್ನು ಕೂಡ ನ್ಯಾಯಾಲಯವು ವಿಚಾರಿಸಿದ ಮೇಲೆಯೇ ಶಿಕ್ಷಿಸುವುದು. ಸೆರೆಮನೆಯಲ್ಲಿಯೂ ಅವನಿಗೆ ಅನ್ನವುಂಟು. ಇಲ್ಲಿಯಾದರೋ ತಪ್ಪು ಹೊರಿಸುವ ಇಲಾಖೆಯೇ ತೀರ್ಪನ್ನೂ ಕೊಡುವುದು. ಮೇಲ್ಮನವಿಗೆ ಎಡೆಯುಂಟು, ನಿಜ. ಆದರೆ ಮೊದಲು ಹಸಿವು, ಆಮೇಲೆ ವಿಚಾರಣೆ. ತೀರ ಕಷ್ಟದಲ್ಲಿರುವವರಿಗೆ ಕೊಡುವ ಅಲ್ಪ ಪರಿಹಾರವೂ ಈಗಿನ ಪದ್ಧತಿಯಲ್ಲಿ ಮುಂದೆ ಮುರಿದುಕೊಳ್ಳುವ ಸಾಲವೇ ಸರಿ.

ಸಾರ್ವಜನಿಕರ ಹಣವನ್ನು ಪಡೆಯುವವನು ದುಡಿಯಲು ಯತ್ನಿಸಬೇಡವೆ ಎಂದು ಕೆಲವರು ಕೇಳುವರು. ಯತ್ನಿಸಲೇಬೇಕು. ಆದರೆ ಕೆಲಸ ಹುಡುಕುವವನಿಗೆ ಬಸ್ಸಿನ ಹಣವೂ ಹೊಟ್ಟೆಗೆ ಹಿಟ್ಟೂ ಬೇಡವೆ? ಜರ್ಮನಿಯ ಸಂವಿಧಾನ ನ್ಯಾಯಾಲಯವು 5 ನವೆಂಬರ್ 2019 ರಂದು ಈ ಪ್ರಶ್ನೆಯನ್ನು ಆಳವಾಗಿ ವಿಚಾರಿಸಿತು. ಅಲ್ಲಿನ ಕಾನೂನು ತಪ್ಪಿದವರ ನಿರ್ವಾಹಧನದಲ್ಲಿ ನೂರಕ್ಕೆ 30, ಮತ್ತೆ ತಪ್ಪಿದರೆ 60, ಕಡೆಗೆ ಪೂರ್ತಿಯನ್ನೂ ಕಡಿಯಲು ಅವಕಾಶವಿತ್ತಿತ್ತು. ನ್ಯಾಯಾಲಯವು ಷರತ್ತುಗಳನ್ನು ಅಲ್ಲಗಳೆಯಲಿಲ್ಲ. ಆದರೆ 30 ನ್ನು ಮೀರಿದ ಕಡಿತವು ಸಂವಿಧಾನಕ್ಕೆ ಸಮ್ಮತವಲ್ಲವೆಂದಿತು. ಮಾನವನ ಘನತೆಯು ನಡತೆಯಿಂದ ಗಳಿಸುವ ವಸ್ತುವಲ್ಲ, ದುರ್ನಡತೆಯಿಂದ ನೀಗುವುದೂ ಅಲ್ಲವೆಂಬುದೇ ಆ ತೀರ್ಪಿನ ತಿರುಳು.

ಸಾಮಾಜಿಕ ಭದ್ರತೆಯನ್ನೂ ಸಾಕಷ್ಟು ಅನ್ನವನ್ನೂ ಹಕ್ಕೆಂದು ಸಾರುವ 1966 ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಬ್ರಿಟನ್ 1976 ರಲ್ಲಿಯೂ ಭಾರತವು 1979 ರಲ್ಲಿಯೂ ಬದ್ಧವಾದವು. ಹಕ್ಕೆಂದು ಒಪ್ಪಿದುದನ್ನು ಅಧಿಕಾರಿಯ ಕೃಪೆಯನ್ನಾಗಿ ಮಾಡಲಾಗದು. ದಂಡ ವಿಧಿಸಲಿ, ಆದರೆ ಮೊದಲು ವಿಚಾರಣೆಯಾಗಲಿ, ಅನ್ನದ ಪಾಲನ್ನು ಮುಟ್ಟದಿರಲಿ. ಹಸಿವು ರಾಜ್ಯದ ಶಿಕ್ಷಾಸಾಧನವಾಗಕೂಡದು. ಬಡವರ ಅರ್ಜಿಗಳನ್ನು ತೀರ್ಮಾನಿಸುವ ಅಧಿಕಾರಿವರ್ಗದವರು, ಅವರು ಯಾವ ದೇಶದವರೇ ಆಗಿರಲಿ, ಇದನ್ನು ಮನಗಾಣಬೇಕು.